ಹಾರಿಬಿಟ್ಟ ಪಾರಿವಾಳಕ್ಕೆ ಮನೆಯೆಲ್ಲಿ?

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಹನೂರು ಭಾಗದ ಶಾಲೆಯೊಂದರ ವಾರ್ಷಿಕೋತ್ಸವಕ್ಕೆ ನನ್ನನ್ನು ಅತಿಥಿಯಾಗಿ ಕರೆದಿದ್ದರು. ದೀಪ ಬೆಳಗಿದ ಮೇಲೆ ವೇದಿಕೆಯಲ್ಲಿದ್ದವರ ಕೈಗೆ ಒಂದೊಂದು ಬಿಳಿಯ ಪಾರಿವಾಳವನ್ನು ಕೊಟ್ಟು, ಶಾಂತಿಯ ಸಂಕೇತವಾಗಿ ಹಾರಿಬಿಡಬೇಕೆಂದು ಕೋರಿದರು. ಅಂಗೈಯಲ್ಲಿ ಅದರ ಎದೆ ಡವಡವನೆ ಬಡಿದುಕೊಳ್ಳುತ್ತಿದ್ದುದು ನನಗೆ ತಿಳಿಯುತ್ತಿತ್ತು. ಆದರೂ ಛಾಯಾಚಿತ್ರ ತೆಗೆಯುವವರ ಕಡೆಗೆ ಮುಖ ಮಾಡಿ, ನಗುತ್ತ, ಮೇಲಕ್ಕೆ ತೂರಿದೆ. ಮಕ್ಕಳು ಚಪ್ಪಾಳೆ ತಟ್ಟಿದರು. ಹಕ್ಕಿಗಳು ಒಂದು ಸುತ್ತು ಹಾರಿ ಶಾಲೆಯ ಮಾಡಿನ ಮೇಲೆ ಕುಳಿತವು. ನಾನು ಭಾಷಣ ಮುಗಿಸಿ, ಹಾರ ಹಾಕಿಸಿಕೊಂಡು ಊರಿಗೆ ಮರಳಿದೆ.

ಮೂರನೆಯ ದಿನ ಬೆಳಿಗ್ಗೆ ಆ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವ ತಾಯಿಯೊಬ್ಬರು ಸೆರಗಿನಲ್ಲಿ ಏನನ್ನೋ ಮುಚ್ಚಿಕೊಂಡು ನನ್ನ ಚಿಕಿತ್ಸಾಲಯಕ್ಕೆ ಬಂದರು. “ಡಾಕ್ಟ್ರೇ, ಇದು ನೀವು ಹಾರಿಸಿದ ಹಕ್ಕಿ. ಎರಡು ದಿವಸದಿಂದ ಮಾಡಿನ ಮೇಲೇ ಕೂತಿತ್ತು. ರಾತ್ರಿ ಬೆಕ್ಕು ಬಾಯಿ ಹಾಕಿದೆ” ಎಂದರು. ಎಡರೆಕ್ಕೆ ಹರಿದಿತ್ತು. ಎದೆಯ ಮೂಳೆ ಕೈಗೆ ಚೂರಿಯಂತೆ ತಾಗುತ್ತಿತ್ತು. ಎರಡು ದಿನ ಅದು ಕಾಳು ನೀರು ಕಂಡಿರಲಿಲ್ಲ. ಉಳಿದ ಹಕ್ಕಿಗಳೇನಾದವೆಂದು ಕೇಳಿದೆ. ಒಂದನ್ನು ಹದ್ದು ಎತ್ತಿಕೊಂಡು ಹೋಯಿತೆಂದೂ ಮಿಕ್ಕವು ಕಾಣುತ್ತಿಲ್ಲವೆಂದೂ ಹೇಳಿದರು. ನಾನು ಮನುಷ್ಯರಿಗೆ ಮದ್ದು ಕೊಡುವವನು, ಹಕ್ಕಿಯ ವೈದ್ಯನಲ್ಲ. ಅದನ್ನು ಪಶು ಆಸ್ಪತ್ರೆಗೆ ಒಯ್ದೆ. ಅಲ್ಲಿನ ವೈದ್ಯರ ಆರೈಕೆಯಿಂದ ಅದು ಬದುಕಿತು, ಆದರೆ ಮತ್ತೆ ಹಾರಲಿಲ್ಲ. ನನ್ನ ಮನೆಯ ಹಿತ್ತಲ ಗೂಡಿನಲ್ಲಿ ನಾಲ್ಕು ವರ್ಷ ಇತ್ತು. ಈ ಲೇಖನವನ್ನು ಬರೆಯುತ್ತಿರುವುದು ಅದರ ಋಣದಿಂದ.

ನಾವು ಹಾರಿಬಿಡುವ ಬಿಳಿಯ ಪಾರಿವಾಳ ಕಾಡಿನ ಹಕ್ಕಿಯಲ್ಲ. ಮನುಷ್ಯನು ಸಾವಿರಾರು ವರ್ಷಗಳ ಹಿಂದೆಯೇ ಬಂಡೆಯ ಸಂದಿಯಲ್ಲಿ ವಾಸಿಸುತ್ತಿದ್ದ ನೀಲಿಬೂದು ಪಾರಿವಾಳವನ್ನು ತಂದು ಸಾಕಿ, ಬಣ್ಣ ನೋಡಿ, ಬಾಲ ನೋಡಿ, ತಳಿ ಮಾಡಿದ. ಹಸು, ಕೋಳಿಗಳಂತೆಯೇ ಅದೂ ನಮ್ಮ ಅಂಗಳದ ಪ್ರಾಣಿ. ಬೀಸಣಿಗೆಯಂತೆ ಬಾಲ ಬಿಚ್ಚುವ ಲಕ್ಕ ಪಾರಿವಾಳವನ್ನೇ ನೋಡಿ: ಅದಕ್ಕೆ ವೇಗವಾಗಿ ಹಾರಲೂ ಬಾರದು, ಗಿಡುಗನಿಂದ ತಪ್ಪಿಸಿಕೊಳ್ಳಲೂ ಬಾರದು. ಹುಟ್ಟಿದಂದಿನಿಂದ ಬಟ್ಟಲಿನಲ್ಲಿ ಕಾಳು ತಿಂದ ಹಕ್ಕಿಗೆ ಹೊಲದಲ್ಲಿ ಕಾಳು ಹುಡುಕುವುದೂ ತಿಳಿಯದು. ಹಸಿರು ಬಯಲಿನಲ್ಲಿ, ಹಂಚಿನ ಮಾಡಿನ ಮೇಲೆ ಅದರ ಬಿಳಿಯ ಬಣ್ಣವೇ ಹದ್ದಿಗೆ ಕರೆಯೋಲೆಯಾಗುತ್ತದೆ.

ಪಾರಿವಾಳಕ್ಕೆ ಮನೆಯ ದಾರಿ ಗೊತ್ತಿರುತ್ತದಲ್ಲವೆ ಎಂದು ಕೇಳುವವರಿದ್ದಾರೆ. ನಿಜ, ಸೂರ್ಯನ ನೆಲೆ, ಭೂಮಿಯ ಕಾಂತಕ್ಷೇತ್ರ, ವಾಸನೆ, ನೆಲದ ಗುರುತುಗಳು, ಇವೆಲ್ಲವನ್ನೂ ಬಳಸಿ ನೂರಾರು ಕಿಲೋಮೀಟರ್ ದೂರದಿಂದ ಗೂಡಿಗೆ ಮರಳುವ ಶಕ್ತಿ ಅದಕ್ಕಿದೆ. ಒಡಿಶಾದ ಪೊಲೀಸ್ ಇಲಾಖೆ 1946ರಲ್ಲಿ ಪಾರಿವಾಳಗಳ ಮೂಲಕ ಸಂದೇಶ ಕಳುಹಿಸುವ ವ್ಯವಸ್ಥೆಯನ್ನು ಆರಂಭಿಸಿತ್ತು. 1982ರ ಮಹಾಪ್ರವಾಹದಲ್ಲಿ ಬೇರೆಲ್ಲ ಸಂಪರ್ಕ ಕಡಿದುಹೋದಾಗ ಆ ಹಕ್ಕಿಗಳೇ ಸುದ್ದಿ ಹೊತ್ತು ಹಾರಿದವು. ಆದರೆ ಆ ಶಕ್ತಿ ಕೆಲಸ ಮಾಡುವುದು ಮರಳಿ ಸೇರಲು ಒಂದು ಗೂಡು ಇದ್ದಾಗ, ಆ ಗೂಡಿನ ಸುತ್ತ ಹಾರಿ ತರಬೇತಿ ಪಡೆದಿದ್ದಾಗ ಮಾತ್ರ. ಪೇಟೆಯ ಪಂಜರದಿಂದ ಕೊಂಡು, ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿ ಬಸ್ಸಿನಲ್ಲಿ ತಂದ ಹಕ್ಕಿ ಎಲ್ಲಿಗೆ ಮರಳಬೇಕು? ಅದಕ್ಕೆ ಮನೆಯೇ ಇಲ್ಲ. ಆದ್ದರಿಂದಲೇ ಅದು ಬಿಟ್ಟ ಜಾಗದ ಮಾಡಿನ ಮೇಲೆಯೇ ಕಾಯುತ್ತ ಕುಳಿತಿರುತ್ತದೆ.

ಕೊಳ್ಳೇಗಾಲ, ಹನೂರು, ಯಳಂದೂರು ಈ ಮೂರೂ ತಾಲ್ಲೂಕುಗಳಲ್ಲಿ ಹಕ್ಕಿ ಅನಾಥವಾಗುವುದಕ್ಕೆ ಸಮಾರಂಭಗಳಲ್ಲದೆ ಬೇರೆ ಕಾರಣಗಳನ್ನೂ ನಾನು ಕಂಡಿದ್ದೇನೆ. ಪರೀಕ್ಷೆ ಬಂತೆಂದು ಮಗನು ಸಾಕಿದ ಜೋಡಿಯನ್ನು ತಂದೆ ಒಯ್ದು ಊರಾಚೆ ಬಿಟ್ಟುಬರುತ್ತಾರೆ. ಕೂಲಿಗಾಗಿ ತಮಿಳುನಾಡಿಗೋ ಕೇರಳಕ್ಕೋ ಬೆಂಗಳೂರಿಗೋ ಹೊರಟ ಕುಟುಂಬವು ಮನೆಗೆ ಬೀಗ ಹಾಕಿ ಗೂಡಿನ ಬಾಗಿಲು ತೆರೆದು ಹೋಗುತ್ತದೆ. ಪುಣ್ಯ ಬರಲೆಂದು ಮಲೆ ಮಹದೇಶ್ವರ ಬೆಟ್ಟದ ದಾರಿಯಲ್ಲೋ ಬಿಳಿಗಿರಿರಂಗನ ಬೆಟ್ಟದ ತಪ್ಪಲಿನಲ್ಲೋ ಬಿಡುವವರೂ ಉಂಟು. ಕಾಡು ಆನೆಗೆ ಮನೆ, ಹುಲಿಗೆ ಮನೆ, ಸಾಕಿದ ಪಾರಿವಾಳಕ್ಕಲ್ಲ. ಅಲ್ಲಿ ಅದು ಒಂದು ರಾತ್ರಿ ಉಳಿದರೆ ಹೆಚ್ಚು. ಇವರಾರೂ ಕ್ರೂರಿಗಳಲ್ಲ. ಬಿಟ್ಟರೆ ಹಕ್ಕಿ ಸುಖವಾಗಿರುತ್ತದೆಂಬುದೇ ಎಲ್ಲರ ನಂಬಿಕೆ. ನನ್ನ ನಂಬಿಕೆಯೂ ಅದೇ ಆಗಿತ್ತು. ಆದರೆ 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 11ನೆಯ ಕಲಮಿನ ಪ್ರಕಾರ, ಹಸಿವು ಬಾಯಾರಿಕೆಗಳಿಂದ ನರಳುವ ಸಂಭವವಿರುವ ಸ್ಥಿತಿಯಲ್ಲಿ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆದುಬಿಡುವುದೂ ಕ್ರೌರ್ಯವೇ.

ಹೀಗೆ ದಿಕ್ಕಿಲ್ಲದೆ ಕುಳಿತ ಹಕ್ಕಿಗೆ ಹದ್ದು, ಬೆಕ್ಕುಗಳಲ್ಲದೆ ನಮ್ಮ ಸೀಮೆಯಲ್ಲಿ ಇನ್ನೊಂದು ಅಪಾಯವಿದೆ. ಅದನ್ನು ವೈದ್ಯನಾಗಿ ನಾನು ಹೇಳಲೇಬೇಕು. ಲಕ್ವ ಹೊಡೆದವರ ಕೈಕಾಲಿಗೆ ಪಾರಿವಾಳದ ಬಿಸಿರಕ್ತವನ್ನು ಸವರಿದರೆ ಸ್ವಾಧೀನ ಬರುತ್ತದೆಂಬ ನಂಬಿಕೆ ಇನ್ನೂ ಅಳಿದಿಲ್ಲ. ಒಡೆಯನಿಲ್ಲದ ಹಕ್ಕಿ ಸುಲಭವಾಗಿ ಕೈಗೆ ಸಿಕ್ಕುವುದರಿಂದ ಮೊದಲು ಬಲಿಯಾಗುವುದು ಅದೇ. ಇದಕ್ಕೆ ಆಯುರ್ವೇದದ ಹೆಸರನ್ನು ಹೇಳುವವರೂ ಇದ್ದಾರೆ. ಚರಕಸಂಹಿತೆಯ ಸೂತ್ರಸ್ಥಾನದ 27ನೆಯ ಅಧ್ಯಾಯದಲ್ಲಿ ಆಹಾರದ್ರವ್ಯಗಳ ಗುಣಗಳನ್ನು ಹೇಳುವಾಗ ಪಾರಿವಾಳದ ಮಾಂಸದ ಪ್ರಸ್ತಾಪ ಬರುವುದು ನಿಜ. ಆದರೆ ಅಲ್ಲಿ ಅದನ್ನು ಹೇಳಿರುವುದು ಶೀತಗುಣದ್ದೆಂದು, ರಕ್ತಪಿತ್ತವೆಂಬ ರಕ್ತಸ್ರಾವದ ರೋಗಕ್ಕೆ. ಪಾರ್ಶ್ವವಾಯುವಿಗೆ ರಕ್ತ ಸವರುವ ಮಾತು ಅಲ್ಲಿಲ್ಲ. ಅದಕ್ಕೂ ಹಿಂದಿನ ಅಧ್ಯಾಯದಲ್ಲಿ, ಸಾಸಿವೆ ಎಣ್ಣೆಯಲ್ಲಿ ಹುರಿದ ಪಾರಿವಾಳವನ್ನು ಜೇನು ಮತ್ತು ಹಾಲಿನೊಡನೆ ತಿನ್ನುವುದನ್ನು ವಿರುದ್ಧಾಹಾರಗಳ ಸಾಲಿನಲ್ಲಿ ಸೇರಿಸಿ ಎಚ್ಚರಿಸಲಾಗಿದೆ. ಶಾಸ್ತ್ರವು ಈ ರೋಗವನ್ನು ಪಕ್ಷಾಘಾತವೆಂದು ಕರೆಯುತ್ತದೆ. ಅಲ್ಲಿ ಪಕ್ಷವೆಂದರೆ ದೇಹದ ಒಂದು ಪಾರ್ಶ್ವವೇ ಹೊರತು ಪಕ್ಷಿಯಲ್ಲ.

ಈ ನಂಬಿಕೆಯಿಂದ ಸಾಯುವುದು ಹಕ್ಕಿಯೊಂದೇ ಅಲ್ಲ. ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿ ಪಾರ್ಶ್ವವಾಯು ಆದವರಿಗೆ ಆ ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಲಕ್ಷಣ ಕಾಣಿಸಿದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮುನ್ನ ತಲೆಯ ಸ್ಕ್ಯಾನ್ ಆಗಬೇಕು. ಮಹದೇಶ್ವರ ಬೆಟ್ಟದ ಸುತ್ತಲಿನ ಹಳ್ಳಿಯಿಂದ ಮೈಸೂರು ಸೇರಲೇ ಮೂರು ಗಂಟೆಗೂ ಹೆಚ್ಚು ಬೇಕು. ಹೀಗಿರುವಾಗ ಪಾರಿವಾಳ ಹುಡುಕಿಕೊಂಡು ಅರ್ಧ ದಿನ ಕಳೆದು, ಮರುದಿನ ನನ್ನ ಬಳಿಗೆ ಕರೆತಂದವರನ್ನು ನಾನು ಒಂದಲ್ಲ, ಹಲವು ಬಾರಿ ನೋಡಿದ್ದೇನೆ. ಬಾಯಿ ವಾರೆಯಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ, ಗಡಿಯಾರ ನೋಡಿಕೊಂಡು ಒಡನೆಯೇ 108 ಆಂಬುಲೆನ್ಸ್ ಕರೆಯಿರಿ. ಅಭ್ಯಂಗ, ಸ್ವೇದನ, ಬಸ್ತಿಗಳ ಚಿಕಿತ್ಸೆಗೆ ನಮ್ಮ ಬಳಿ ಬರುವುದು ಪ್ರಾಣ ಉಳಿದ ನಂತರದ ಮಾತು.

ಇನ್ನು, ಮನೆ ತಪ್ಪಿದ ಪಾರಿವಾಳವೊಂದು ನಿಮ್ಮ ಅಂಗಳಕ್ಕೆ ಬಂದರೆ ಏನು ಮಾಡಬೇಕು? ಮೊದಲು ಅದು ಸಾಕಿದ ಹಕ್ಕಿಯೋ ಅಲ್ಲವೋ ಎಂಬುದನ್ನು ತಿಳಿಯಬೇಕು. ಗುಡಿಯ ಗೋಪುರದಲ್ಲಿ, ಸೇತುವೆಯ ಸಂದಿಯಲ್ಲಿ ಗುಂಪಾಗಿ ವಾಸಿಸುವ ನೀಲಿಬೂದು ಹಕ್ಕಿಗಳು ತಮ್ಮ ಬದುಕನ್ನು ತಾವೇ ನೋಡಿಕೊಳ್ಳುತ್ತವೆ. ಗಾಯವಾಗದಿದ್ದರೆ ಅವನ್ನು ಹಿಡಿಯಬಾರದು. ಬಿಳಿ ಅಥವಾ ವಿಶೇಷ ಬಣ್ಣ, ಕತ್ತರಿಸಿದ ರೆಕ್ಕೆಯ ಗರಿ, ಕಾಲಿಗೆ ಬಳೆ, ಮನುಷ್ಯರನ್ನು ಕಂಡರೆ ಹೆದರದೆ ಹತ್ತಿರ ಬರುವ ಸ್ವಭಾವ, ಇವು ಸಾಕಿದ ಹಕ್ಕಿಯ ಗುರುತುಗಳು.

ಅಂತಹ ಹಕ್ಕಿಯನ್ನು ಅಟ್ಟಿಸಿಕೊಂಡು ಹೋಗಬಾರದು. ಗೋಡೆಯ ಪಕ್ಕದಲ್ಲಿ ಕಾಳು ಚೆಲ್ಲಿ, ಹತ್ತಿರ ಬಂದಾಗ ಮಕ್ಕರಿಯನ್ನೋ ಹಗುರವಾದ ಬಟ್ಟೆಯನ್ನೋ ಮೇಲೆ ಹಾಕಿ, ರೆಕ್ಕೆಗಳೆರಡನ್ನೂ ಮೈಗೆ ಸೇರಿಸಿ ಹಿಡಿಯಬೇಕು. ಸಂಜೆ ಮಬ್ಬಾದ ಮೇಲೆ ಹಿಡಿಯುವುದು ಸುಲಭ. ಗಾಳಿಯಾಡಲು ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಹಳೆಯ ಬಟ್ಟೆ ಹಾಸಿ, ಬೆಚ್ಚಗಿನ, ಮಬ್ಬುಗತ್ತಲಿನ, ಸದ್ದಿಲ್ಲದ ಜಾಗದಲ್ಲಿ ಒಂದು ಗಂಟೆ ಬಿಟ್ಟುಬಿಡಿ. ಭಯ ಇಳಿಯುವುದೇ ಮೊದಲ ಮದ್ದು. ನಂತರ ಒಂದು ಅಂಗುಲ ಆಳಕ್ಕೆ ನೀರು ನಿಲ್ಲುವ ಬಟ್ಟಲನ್ನಿಡಿ. ಬೇರೆ ಹಕ್ಕಿಗಳಂತೆ ಪಾರಿವಾಳವು ತಲೆ ಎತ್ತಿ ನೀರು ನುಂಗುವುದಿಲ್ಲ, ಕೊಕ್ಕು ಮುಳುಗಿಸಿ ಹೀರುತ್ತದೆ. ಪ್ರೀತಿಯಿಂದಲೇ ಆದರೂ ಕೊಕ್ಕು ತೆರೆದು ನೀರು ಹೊಯ್ಯಬೇಡಿ. ಉಸಿರಿನ ದ್ವಾರವು ನಾಲಿಗೆಯ ಬುಡದಲ್ಲಿಯೇ ಇರುವುದರಿಂದ ನೀರು ಶ್ವಾಸಕೋಶಕ್ಕೆ ಇಳಿದು ಹಕ್ಕಿ ಸಾಯಬಹುದು.

ಆಹಾರಕ್ಕೆ ನಮ್ಮ ಸೀಮೆಯಲ್ಲಿ ಕೊರತೆಯಿಲ್ಲ. ಜೋಳ, ಸಜ್ಜೆ, ನವಣೆ, ಒಡೆದ ಮುಸುಕಿನ ಜೋಳ, ಹೆಸರು, ಹುರುಳಿ, ಇವನ್ನು ಬೆರೆಸಿ ಹಸಿಯಾಗಿಯೇ ಕೊಡಬೇಕು. ಅನ್ನ, ಬ್ರೆಡ್, ಬಿಸ್ಕತ್ತು, ಖಾರದ ತಿಂಡಿ ಕೂಡದು. ಹಲ್ಲಿಲ್ಲದ ಹಕ್ಕಿಗೆ ಕಾಳು ಅರೆಯಲು ಹೊಟ್ಟೆಯಲ್ಲಿ ಹರಳು ಬೇಕು, ಆದ್ದರಿಂದ ಒಂದು ಚಿಟಿಕೆ ದಪ್ಪ ಮರಳನ್ನೂ ಇಡಿ. ಗರಿ ಬಾರದ ಮರಿ ಸಿಕ್ಕರೆ ಕಾಳು ಹಾಕಬೇಡಿ. ತಂದೆ ತಾಯಿ ಎರಡೂ ತಮ್ಮ ಗಂಟಲಚೀಲದಲ್ಲಿ ಹಾಲಿನಂತಹ ದ್ರವ್ಯವನ್ನು ಉತ್ಪಾದಿಸಿ ಅದಕ್ಕೆ ಉಣಿಸುತ್ತವೆ. ಸಾಧ್ಯವಾದರೆ ಮರಿಯನ್ನು ಅದೇ ಗೂಡಿಗೆ ಮರಳಿಸಬೇಕು, ಇಲ್ಲವೆ ಪಶುವೈದ್ಯರಿಗೆ ತೋರಿಸಬೇಕು.

ಕಾಲಿನ ಬೆರಳಿಗೆ ದಾರವೋ ಕೂದಲೋ ಸುತ್ತಿಕೊಂಡಿದೆಯೇ ನೋಡಿ. ನೂಲು, ರೇಷ್ಮೆ, ಮಗ್ಗಗಳ ನಮ್ಮ ಊರುಗಳಲ್ಲಿ ಎಸೆದ ಎಳೆಯೊಂದು ಬೆರಳಿಗೆ ಬಿಗಿದರೆ ರಕ್ತಸಂಚಾರ ನಿಂತು ಬೆರಳೇ ಉದುರುತ್ತದೆ. ಚಿಕ್ಕ ಕತ್ತರಿಯಿಂದ ನಿಧಾನವಾಗಿ ಬಿಡಿಸಬಹುದು. ಬೆಕ್ಕು ಬಾಯಿ ಹಾಕಿದ ಹಕ್ಕಿ ಮೇಲ್ನೋಟಕ್ಕೆ ಚೆನ್ನಾಗಿ ಕಂಡರೂ ಅದರ ಹಲ್ಲಿನ ನಂಜಿನಿಂದ ಒಂದೆರಡು ದಿನದಲ್ಲಿ ಸಾಯಬಹುದು. ಅದಕ್ಕೆ ಅರಿಸಿನ ಎಣ್ಣೆ ಹಚ್ಚಿ ಕಾಯುತ್ತ ಕೂರಬೇಡಿ. ಎಣ್ಣೆಯಿಂದ ಗರಿ ಕೆಡುತ್ತದೆ, ಹೊತ್ತು ಕಳೆಯುತ್ತದೆ. ತಾಲ್ಲೂಕಿನ ಪಶು ಆಸ್ಪತ್ರೆಗೆ ಒಯ್ಯಿರಿ. ಕುತ್ತಿಗೆ ತಿರುಚಿಕೊಂಡು ಗಿರಕಿ ಹೊಡೆಯುವ ಹಕ್ಕಿಯನ್ನಂತೂ ಕೋಳಿಗಳಿಂದ ದೂರವೇ ಇಡಬೇಕು. ಕೋಳಿಗಳ ಕೊಕ್ಕರೆ ರೋಗಕ್ಕೆ ಕಾರಣವಾದ ವೈರಾಣುವಿನ ಬಳಗದ್ದೇ ಪಾರಿವಾಳಕ್ಕೂ ತಗುಲುತ್ತದೆ.

ಹಕ್ಕಿ ಚೇತರಿಸಿಕೊಂಡ ಮೇಲೆ ಅದನ್ನು ಮನೆ ಸೇರಿಸುವುದು ಎರಡನೆಯ ಹೆಜ್ಜೆ. ಕಾಲಿನ ಬಳೆಯಲ್ಲಿ ಸಂಘದ ಗುರುತು, ವರ್ಷ, ಸಂಖ್ಯೆ ಕೆತ್ತಿದ್ದರೆ ಅದು ಬಹುಶಃ ಪಂದ್ಯದಲ್ಲಿ ದಣಿದು ಇಳಿದ ಹಕ್ಕಿ. ಒಂದೆರಡು ದಿನ ಕಾಳು ನೀರು ವಿಶ್ರಾಂತಿ ದೊರೆತರೆ ಅದು ತಾನೇ ಮನೆಗೆ ಹೋಗುತ್ತದೆ. ಮೋಡವಿಲ್ಲದ ದಿನ, ಬೆಳಗಿನ ಹೊತ್ತು, ಬಯಲಿನಲ್ಲಿ ಬಿಡಬೇಕು. ಸಂಜೆ ಅಥವಾ ಮಳೆಯಲ್ಲಿ ಬಿಡಬಾರದು. ಹೋಗದಿದ್ದರೆ ಬಳೆಯ ಚಿತ್ರ ತೆಗೆದು ಹತ್ತಿರದ ಪಾರಿವಾಳ ಸಾಕುವವರಿಗೆ ಕಳುಹಿಸಿದರೆ, ಅವರ ಮೂಲಕ ಒಡೆಯನ ಪತ್ತೆಯಾಗುವುದುಂಟು. ಬಳೆಯಿಲ್ಲದ, ಒಡೆಯ ತಿಳಿಯದ ಬಿಳಿಯ ಹಕ್ಕಿಯನ್ನು ಮತ್ತೆ ಬಿಡುವ ಮಾತೇ ಇಲ್ಲ. ಜವಾಬ್ದಾರಿಯುಳ್ಳ ಸಾಕಣೆದಾರರ ಗೂಡೇ ಅದಕ್ಕೆ ನೆಲೆ. ಕೊಡುವ ಮುನ್ನ ಅವರ ಗೂಡನ್ನು ಕಣ್ಣಾರೆ ನೋಡಿ. ನೆಲದಿಂದ ನಾಲ್ಕೈದು ಅಡಿ ಮೇಲಿರಬೇಕು, ಬೆಳಗಿನ ಬಿಸಿಲು ಬೀಳಬೇಕು, ಇಲಿ ಹಾವುಗಳು ನುಸುಳದಂತೆ ಸಣ್ಣಕಣ್ಣಿನ ಜಾಲರಿ ಇರಬೇಕು. ಹೊಸ ಹಕ್ಕಿಯನ್ನು ಮೂರು ನಾಲ್ಕು ವಾರ ಒಳಗೇ ಇರಿಸಿ, ಸುತ್ತಣ ನೋಟವನ್ನು ಪರಿಚಯಿಸಿದರೆ ಆಮೇಲೆ ಅದನ್ನೇ ತನ್ನ ಮನೆಯೆಂದು ನಂಬುತ್ತದೆ. ಒಂಟಿಯಾಗಿಡದೆ ಜೊತೆ ಕೊಡಬೇಕು. ಪಾರಿವಾಳವು ಜೋಡಿಯಾಗಿ ಬಾಳುವ ಜೀವ. ಸಂತತಿ ಮಿತಿಮೀರದಂತೆ, ಇಟ್ಟ ಎರಡು ಮೊಟ್ಟೆಗಳನ್ನು ಒಡನೆಯೇ ತೆಗೆದು ಹುಸಿಮೊಟ್ಟೆ ಇರಿಸುವುದು ಸಾಕಣೆದಾರರು ಬಲ್ಲ ಉಪಾಯ.

ಆರೋಗ್ಯದ ಪುಟದಲ್ಲಿ ಇಷ್ಟು ಹೇಳಿ, ಮನುಷ್ಯರ ಆರೋಗ್ಯವನ್ನು ಮರೆತರೆ ತಪ್ಪಾದೀತು. ಪಾರಿವಾಳದ ಒಣಗಿದ ಹಿಕ್ಕೆಯ ಮತ್ತು ಗರಿಯ ಧೂಳು ಬಹುಕಾಲ ಉಸಿರಿನೊಡನೆ ಒಳಸೇರಿದರೆ ಕೆಲವರ ಶ್ವಾಸಕೋಶ ಊತಗೊಂಡು ಕ್ರಮೇಣ ಗಡುಸಾಗುತ್ತದೆ. ಒಣಕೆಮ್ಮು, ನಡೆದರೆ ಏದುಸಿರು, ಆಗಾಗ ಸಣ್ಣ ಜ್ವರ ಅದರ ಲಕ್ಷಣಗಳು. ಹಿಕ್ಕೆಯಲ್ಲಿ ಬೆಳೆಯುವ ಕೆಲವು ಶಿಲೀಂಧ್ರಗಳು ರೋಗನಿರೋಧಕ ಶಕ್ತಿ ಕುಂದಿದವರಿಗೆ ಮಾರಕವಾಗಬಲ್ಲವು. ಗೂಡನ್ನು ಒಣಗಿದ್ದಾಗ ಗುಡಿಸಬಾರದು, ನೀರು ಚಿಮುಕಿಸಿ, ಮೂಗು ಬಾಯಿ ಮುಚ್ಚಿಕೊಂಡು ತೆಗೆಯಬೇಕು. ಹಕ್ಕಿಯನ್ನು ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಬೇಕು. ಉಬ್ಬಸವಿರುವವರು, ಗರ್ಭಿಣಿಯರು, ಎಳೆಯ ಮಕ್ಕಳು ಈ ಕೆಲಸದಿಂದ ದೂರವಿರಲಿ. ಮಲಗುವ ಕೋಣೆಯಲ್ಲಿ ಗೂಡು ಬೇಡ. ಕೆಮ್ಮು ಬಂದರೆ ಗೂಡನ್ನು ಹಾಗೆಯೇ ಇಟ್ಟುಕೊಂಡು ನನ್ನ ಬಳಿ ಕಷಾಯ ಕೇಳಿದರೆ ಪ್ರಯೋಜನವಿಲ್ಲ. ರೋಗದ ಕಾರಣವನ್ನು ದೂರ ಮಾಡುವುದೇ ಚಿಕಿತ್ಸೆಯ ಸಾರವೆಂದು ಸುಶ್ರುತಾಚಾರ್ಯರು ಹೇಳಿದ್ದಾರೆ. ಶ್ವಾಸಕೋಶ ತಜ್ಞರಿಗೆ ತಡಮಾಡದೆ ತೋರಿಸಬೇಕು.

ಇದೇ ಕಾರಣದಿಂದ, ಬೀದಿಯಲ್ಲಿ ಮೂಟೆಗಟ್ಟಲೆ ಕಾಳು ಸುರಿದು ಸಾವಿರಾರು ಹಕ್ಕಿಗಳನ್ನು ಸೇರಿಸುವುದನ್ನು ನಾನು ದಯೆಯೆಂದು ಒಪ್ಪಲಾರೆ. ಮೈಸೂರಿನ ಅರಮನೆಯ ಎದುರು ಕಾಳು ಹಾಕುವ ಬಗ್ಗೆ ವಾದವಿವಾದ ನಡೆದುದನ್ನು ನೀವು ಪತ್ರಿಕೆಗಳಲ್ಲಿ ಓದಿರಬಹುದು. ಮುಂಬಯಿಯಲ್ಲಿ 2025ರಲ್ಲಿ 51 ಕಬೂತರ್‌ಖಾನೆಗಳನ್ನು ಮುಚ್ಚುವ ಆದೇಶ ಹೊರಟು, ವಿಷಯ ಹೈಕೋರ್ಟಿನವರೆಗೆ ಹೋಯಿತು. ಗುಂಪಿಗೆ ಉಣಿಸಿದಷ್ಟೂ ಗುಂಪು ಬೆಳೆಯುತ್ತದೆ. ಹಕ್ಕಿಗಳಲ್ಲೂ ರೋಗ, ಜನರಲ್ಲೂ ರೋಗ ಹೆಚ್ಚುತ್ತದೆ. ದಾರಿ ತಪ್ಪಿದ ಒಂದು ಹಕ್ಕಿಯನ್ನು ಮನೆ ಸೇರಿಸುವುದು ಬೇರೆ ಕೆಲಸ. ಅದರಿಂದ ಬೀದಿಯಲ್ಲಿ ಹಕ್ಕಿ ಹೆಚ್ಚುವುದಿಲ್ಲ, ಒಂದು ಕಡಿಮೆಯಾಗುತ್ತದೆ.

ಹಕ್ಕಿಯನ್ನು ಗೂಡಿನಲ್ಲಿಡುವುದು ಹಿಂಸೆಯಲ್ಲವೆ ಎಂದು ಒಬ್ಬ ಯುವಕ ನನ್ನನ್ನು ಕೇಳಿದ. ಕಾಡಿನ ಗಿಳಿಯನ್ನು ಹಿಡಿದು ಪಂಜರದಲ್ಲಿಡುವುದು ಹಿಂಸೆ, ಅಪರಾಧವೂ ಹೌದು. ಆದರೆ ಹಟ್ಟಿಯಲ್ಲಿ ಹುಟ್ಟಿದ ಕರುವನ್ನು ಕಾಡಿಗಟ್ಟಿ ‘ಬಿಡುಗಡೆ ಮಾಡಿದೆ’ ಎಂದರೆ ಯಾರಾದರೂ ಒಪ್ಪುವರೆ? ತಲೆತಲಾಂತರದಿಂದ ನಮ್ಮನ್ನು ನಂಬಿ ಬಾಳಿದ ಜೀವಕ್ಕೆ ನೆಲೆ ಕೊಡುವುದು ನಂಬಿಸಿದವರ ಹೊಣೆ. ಮನುಷ್ಯರಿಗೇ ಇಷ್ಟು ಕಷ್ಟವಿರುವಾಗ ಹಕ್ಕಿಯ ಚಿಂತೆಯೇಕೆ ಎಂದವರೂ ಇದ್ದಾರೆ. ಸೆರಗಿನಲ್ಲಿ ಹಕ್ಕಿ ತಂದ ಆ ತಾಯಿಯ ಸಂಬಳ ಬಹಳ ಕಡಿಮೆ. ಅವರು ಅಂದಿನ ಕೆಲಸಕ್ಕೆ ತಡವಾಗುವುದನ್ನು ಲೆಕ್ಕಿಸದೆ ಬಸ್ಸಿಗೆ ಕೈಯಿಂದ ಹಣ ತೆತ್ತು ಬಂದಿದ್ದರು. ಆ ಪ್ರಶ್ನೆಗೆ ನನ್ನ ಉತ್ತರ ಅವರೇ.

ಇರುವೆ, ಹುಳುಗಳನ್ನೂ ತನ್ನಂತೆಯೇ ಕಾಣಬೇಕೆಂದು ವಾಗ್ಭಟಾಚಾರ್ಯರು ಅಷ್ಟಾಂಗಹೃದಯದ ದಿನಚರ್ಯೆಯ ಅಧ್ಯಾಯದಲ್ಲಿ ಹೇಳಿದ್ದಾರೆ. ಹಲ್ಲುಜ್ಜುವುದು, ಎಣ್ಣೆ ಹಚ್ಚಿಕೊಳ್ಳುವುದು, ಸ್ನಾನ ಇವುಗಳ ಜೊತೆಯಲ್ಲಿಯೇ ಆ ಮಾತು ಬರುವುದನ್ನು ಗಮನಿಸಬೇಕು. ದಯೆಯನ್ನು ಧರ್ಮದ ಬುಡದಲ್ಲಿಟ್ಟ ಬಸವಾದಿ ಶರಣರ ಮಕ್ಕಳಾದ ನಮಗೆ ಇದು ಹೊಸ ಮಾತೇನೂ ಅಲ್ಲ.

ಆದ್ದರಿಂದ ಶ್ರೀಮಠದ ಭಕ್ತಬಂಧುಗಳಲ್ಲಿ ನನ್ನದೊಂದು ವಿನಂತಿ. ನಮ್ಮ ಮೂರೂ ತಾಲ್ಲೂಕುಗಳ ಜಾತ್ರೆ, ಶಾಲಾ ಸಮಾರಂಭ, ಮದುವೆ, ಜಯಂತಿಗಳಲ್ಲಿ ಪಾರಿವಾಳ ಹಾರಿಬಿಡುವ ಪದ್ಧತಿಯನ್ನು ನಾವಾಗಿಯೇ ನಿಲ್ಲಿಸೋಣ. ಅತಿಥಿಯ ಕೈಗೆ ಒಂದು ಸಸಿ ಕೊಡಿ, ಇಲ್ಲವೆ ಅಂಗಳದಲ್ಲಿ ಹಕ್ಕಿಗಳಿಗಾಗಿ ಇಡುವ ನೀರಿನ ಮಣ್ಣಿನ ತಟ್ಟೆಯನ್ನು ತುಂಬಿಸಿ. ಆಹ್ವಾನ ಬಂದಾಗ ‘ಪಾರಿವಾಳ ಬೇಡ’ ಎಂದು ಮೊದಲೇ ಹೇಳುವ ಅಭ್ಯಾಸವನ್ನು ನಾನು ಅಂದಿನಿಂದ ಇಟ್ಟುಕೊಂಡಿದ್ದೇನೆ. ಇದುವರೆಗೆ ಯಾರೂ ಬೇಸರಿಸಿಲ್ಲ. ಸಾಕಲಾಗದ ಸ್ಥಿತಿ ಬಂದವರು ಊರಾಚೆ ಬಿಡುವ ಬದಲು ಇನ್ನೊಬ್ಬ ಸಾಕಣೆದಾರರಿಗೆ ಒಪ್ಪಿಸಲಿ. ಪ್ರತಿ ಹಳ್ಳಿಯಲ್ಲೂ ಪಾರಿವಾಳ ಸಾಕುವ ಹುಡುಗರು ಇದ್ದೇ ಇರುತ್ತಾರೆ. ನಾವು ಅವರನ್ನು ಕೆಲಸವಿಲ್ಲದವರೆಂದು ಬೈಯುವುದೇ ಹೆಚ್ಚು. ಹಕ್ಕಿಯ ಕಾಲಿನ ದಾರ ಬಿಡಿಸುವುದೂ ರೆಕ್ಕೆ ನೋಡಿ ರೋಗ ಹೇಳುವುದೂ ಅವರಿಗೆ ಗೊತ್ತು. ದಾರಿ ತಪ್ಪಿದ ಹಕ್ಕಿ ಸಿಕ್ಕಾಗ ಅವರನ್ನು ಕರೆಯಿರಿ.

ನನ್ನ ಹಿತ್ತಲ ಆ ಹಕ್ಕಿ ಕಳೆದ ವರ್ಷ ಮಾಗಿಯಲ್ಲಿ ತೀರಿಕೊಂಡಿತು. ಗೂಡನ್ನು ತೊಳೆದು, ಬಿಸಿಲಿಗೆ ಒಣಗಿಸಿ ಹಾಗೆಯೇ ಇಟ್ಟಿದ್ದೇನೆ. ಯಾರ ಅಂಗಳಕ್ಕಾದರೂ ದಿಕ್ಕಿಲ್ಲದ ಪಾರಿವಾಳವೊಂದು ಬಂದರೆ ಅದಕ್ಕೆ ಅಲ್ಲಿ ಜಾಗವಿದೆ.